ಮನೆಯಲ್ಲಿ ನಾಡಿ ಎಣಿಸುವುದು: ಮೊದಲ ವರ್ಷದ ನರ್ಸಿಂಗ್ ಗೆಳೆಯರಿಗೆ

ದೊಡ್ಡವರು ಆರಾಮಾಗಿ ಕೂತಿರುವಾಗ ಹೃದಯ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ಇದು ನಮಗೆಲ್ಲ ಬಾಯಿಪಾಠ. ಎಣಿಸುವ ಕ್ರಮಕ್ಕೆ ಮಾತ್ರ ಯಾರೂ ಅಷ್ಟು ಗಮನ ಕೊಡುವುದಿಲ್ಲ. ನನ್ನ ಪ್ರಕಾರ ಮೊದಲು ಕಲಿಯಬೇಕಾದದ್ದು ಅದನ್ನೇ.

ಬೆಳಿಗ್ಗೆ ಎದ್ದು, ಚಾ ಕಾಫಿ ಕುಡಿಯುವ ಮೊದಲು ಎಣಿಸಿ. ಬೇರೆ ಹೊತ್ತಿನಲ್ಲಾದರೆ ಐದು ನಿಮಿಷ ಸುಮ್ನೆ ಕೂತು, ಮಾತು, ಮೊಬೈಲ್ ಬಿಟ್ಟು ಶುರು ಮಾಡಿ. ಮಂಗಳೂರಿನ ಏಪ್ರಿಲ್-ಮೇ ಸೆಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಲ್ಲಿ ಬೆವರು ಬೇಗ ಆರುವುದಿಲ್ಲ. ಮೈ ತಂಪಾಗಲು ಚರ್ಮದ ಕಡೆಗೆ ರಕ್ತ ಜಾಸ್ತಿ ಹರಿಯಬೇಕು, ಹಾಗಾಗಿ ಬಡಿತವೂ ಏರುತ್ತದೆ. ಕರೆಂಟ್ ಹೋಗಿ ಫ್ಯಾನ್ ನಿಂತ ಮಧ್ಯಾಹ್ನದ ಲೆಕ್ಕವನ್ನು ಮಳೆಗಾಲದ ಬೆಳಗಿನ ಲೆಕ್ಕದ ಜೊತೆ ಹೋಲಿಸಬೇಡಿ.

ಅಂಗೈ ಮೇಲ್ಮುಖವಾಗಿಟ್ಟು, ಹೆಬ್ಬೆರಳಿನ ಬುಡದಿಂದ ಸ್ವಲ್ಪ ಕೆಳಗೆ, ಮಣಿಕಟ್ಟಿನ ಎಲುಬಿಗೂ ಸ್ನಾಯುರಜ್ಜುವಿಗೂ (ಟೆಂಡನ್) ನಡುವಿನ ತಗ್ಗಿನಲ್ಲಿ ತೋರುಬೆರಳು, ನಡುಬೆರಳು ಇಡಿ. ಹೆಬ್ಬೆರಳಿನಿಂದ ಮುಟ್ಟಬೇಡಿ, ಅದರದ್ದೇ ಮಿಡಿತ ಕೈಗೆ ಸಿಗುತ್ತದೆ. ಜೋರಾಗಿ ಒತ್ತಿದರೆ ನಾಡಿಯೇ ಸಿಗುವುದಿಲ್ಲ.

ಈಗ ಎಣಿಕೆ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಸುಲಭ, ಅಲ್ವಾ? ನಿಜವಾದ ಬಡಿತ 70 ಎಂದಿಟ್ಟುಕೊಳ್ಳಿ. ಹದಿನೈದು ಸೆಕೆಂಡಿಗೆ ಹದಿನೇಳೂವರೆ ಬಡಿತ. ಅರ್ಧ ಬಡಿತ ಎಣಿಸುವುದು ಹೇಗೆ? ಹದಿನೇಳು ಎಂದರೆ 68, ಹದಿನೆಂಟು ಎಂದರೆ 72. ಈ ಕ್ರಮದಲ್ಲಿ 70 ಬರುವುದೇ ಇಲ್ಲ. ಒಂದು ಬಡಿತ ತಪ್ಪಿದರೆ ಉತ್ತರದಲ್ಲಿ ನಾಲ್ಕು ವ್ಯತ್ಯಾಸ. ಪೂರ್ತಿ ನಿಮಿಷ ಎಣಿಸಿದರೆ ಒಂದು ತಪ್ಪು ಒಂದೇ ಆಗಿ ಉಳಿಯುತ್ತದೆ. ಸ್ಟಾಪ್‌ವಾಚನ್ನು ಒಂದು ಬಡಿತಕ್ಕೆ ಸರಿಯಾಗಿ ಒತ್ತಿದರೆ, ಆ ಬಡಿತವನ್ನು ಸೊನ್ನೆ ಎನ್ನಿ. ಮುಂದಿನದ್ದು ಒಂದು.

ಪೂರ್ತಿ ನಿಮಿಷ ಎಣಿಸಲು ಇನ್ನೊಂದು ಕಾರಣವೂ ಉಂಟು. ಉಸಿರು ಎಳೆದಾಗ ನಾಡಿ ಸ್ವಲ್ಪ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ನಮ್ಮ ವಯಸ್ಸಿನವರಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ, ಹೆದರಬೇಕಾಗಿಲ್ಲ. ಪೂರ್ತಿ ನಿಮಿಷದಲ್ಲಿ ಈ ಏರಿಳಿತ ಸರಿಹೋಗುತ್ತದೆ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಆಗಬಹುದು. ಕೈ ಬೆಚ್ಚಗಿರಲಿ, ಉಗುರಿಗೆ ಬಣ್ಣ ಬೇಡ, ಅಂಕಿ ನಿಲ್ಲುವ ತನಕ ಕಾಯಿರಿ.

ಪುಸ್ತಕದಲ್ಲಿ ಅಂಕಿಯ ಪಕ್ಕ ಹೊತ್ತು, ಕೂತಿದ್ದಿರೋ ಮಲಗಿದ್ದಿರೋ, ಜ್ವರ ಇತ್ತೋ ಎಂದು ಬರೆಯಿರಿ. ಮದ್ದನ್ನೂ ಬರೆಯಿರಿ: ಬಿಪಿಗೆ ಕೊಡುವ ಮೆಟೊಪ್ರೊಲಾಲ್ ಬಡಿತ ಇಳಿಸುತ್ತದೆ, ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಏರಿಸುತ್ತದೆ. ಆರಾಮಾಗಿದ್ದಾಗಲೂ ದಿನಾ 100 ದಾಟುತ್ತಿದ್ದರೆ, ಅಥವಾ 60ಕ್ಕಿಂತ ಕೆಳಗಿಳಿದು ತಲೆ ತಿರುಗಿದರೆ ಡಾಕ್ಟರಿಗೆ ತೋರಿಸಿ. ಎದೆನೋವು, ಉಸಿರುಗಟ್ಟುವುದು ಇದ್ದರೆ ಎಣಿಸುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.