ಯಜಮಾನರ ಪಿಂಚಣಿ ತಿರಸ್ಕಾರ ಆಯಿತೇ? ಮೊದಲು ಆ ಕಾಗದ ಓದಿ

"ಯಜಮಾನ್ರ ಅಂಗವಿಕಲ ಪಿಂಚಣಿ ರಿಜೆಕ್ಟ್ ಆಯ್ತು ಮೇಡಂ, ಇನ್ನೊಂದು ಅರ್ಜಿ ಹಾಕ್ಲಾ?" ಮಡಿಕೇರಿಯಲ್ಲಿ ಕಾನೂನು ನೆರವಿನ ಕೇಸುಗಳನ್ನು ನೋಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಕೇಳುವವರು ಹೆಚ್ಚಾಗಿ ಹೆಂಡತಿಯರು. ಗಂಡ ಮೆಣಸು ಕುಯ್ಯಲು ಹತ್ತಿದ ಮರದಿಂದ ಬಿದ್ದಿರುತ್ತಾರೆ, ಇಲ್ಲವೇ ಸ್ಟ್ರೋಕ್ ಆಗಿ ಒಂದು ಪಕ್ಕ ಸ್ವಾಧೀನ ತಪ್ಪಿರುತ್ತದೆ. ನಾನು ಹೇಳುವುದು: ಸದ್ಯಕ್ಕೆ ಬೇಡ. ಯಾಕೆ ಕೊಡಲಿಲ್ಲ ಅಂತ ಮೊದಲು ನೋಡೋಣ. ಕಾರಣ ಸರಿಪಡಿಸದೆ ಮತ್ತೆ ಅರ್ಜಿ ಹಾಕಿದರೆ ಅದೇ ಉತ್ತರ ಬರುತ್ತದೆ.

ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಕಾಲದ (ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕು ಅನ್ನುವ ವ್ಯವಸ್ಥೆ) ಸ್ವೀಕೃತಿ ಚೀಟಿ ಸಿಕ್ಕಿರುತ್ತದೆ, 15 ಅಂಕಿಯ ನಂಬರಿನದ್ದು. ಅದನ್ನು ಬಿಸಾಡಬೇಡಿ. 2011ರ ಸಕಾಲ ಕಾಯ್ದೆಯ ಪ್ರಕಾರ ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರೆದೇ ಕೊಡಬೇಕು. ಕೌಂಟರಿನಲ್ಲಿ "ಆಗಲ್ಲಮ್ಮ, ಹೋಗಿ" ಅಂದರೆ ಅದು ಆದೇಶ ಅಲ್ಲ. ಬರಹದಲ್ಲಿ ಕೇಳಿ. ತಿರಸ್ಕಾರವಾದ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ಮಳೆ, ಆಸ್ಪತ್ರೆ ಅಂತ ತಡವಾಗಿದ್ದರೆ ಆ ಕಾರಣವನ್ನೂ ಅರ್ಜಿಯಲ್ಲಿ ಬರೆಯಿರಿ, ದಾಖಲೆ ಇದ್ದರೆ ಲಗತ್ತಿಸಿ.

ಮೇಲ್ಮನವಿ ಯಾರಿಗೆ ಅನ್ನುವುದು ಕಾರಣದ ಮೇಲೆ ನಿಂತಿದೆ. ಬಹಳಷ್ಟು ಜನ ಎಡವುವುದು ಇಲ್ಲೇ.

ಆದಾಯ ಜಾಸ್ತಿ ಅಂತ ತಿರಸ್ಕರಿಸಿದ್ದರೆ ಅದು ಕಂದಾಯ ಇಲಾಖೆಯ ವಿಷಯ. ತಹಶೀಲ್ದಾರರ ಮೇಲಿನವರು ಉಪವಿಭಾಗಾಧಿಕಾರಿ, ಅವರ ಮುಂದೆ ಹೋಗಬೇಕು. ನಮ್ಮ ಜಿಲ್ಲೆಯಲ್ಲಿ ಇದಕ್ಕೊಂದು ವಿಶೇಷ ತೊಡಕುಂಟು. ಜಮ್ಮಾ ಜಾಗದ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನಿನ ಪಹಣಿಯಲ್ಲಿ ಒಕ್ಕದ (ಕುಲದ ದೊಡ್ಡ ಕುಟುಂಬದ) ಹತ್ತಾರು ಜನರ ಹೆಸರು ಇರುತ್ತದೆ. ಕಾಗದದಲ್ಲಿ ಎಕರೆಗಟ್ಟಲೆ ತೋಟ, ಕೈಗೆ ಸಿಗುವುದು ಒಂದು ಮೂಲೆ. ಒಟ್ಟು ವಿಸ್ತೀರ್ಣ ನೋಡಿ ಆದಾಯ ಬರೆದುಬಿಟ್ಟರೆ ಕಥೆ ಮುಗಿಯಿತು. ಯಜಮಾನರ ಪಾಲು ಎಷ್ಟು, ಯಾರು ಸಾಗುವಳಿ ಮಾಡುತ್ತಿದ್ದಾರೆ ಅಂತ ಮನೆಯವರ ಸಹಿ ಇರುವ ಹೇಳಿಕೆ, ಗ್ರಾಮ ಆಡಳಿತಾಧಿಕಾರಿಯ ಸ್ಥಳ ವರದಿ, ಇವೆರಡನ್ನೂ ಜೊತೆಗಿಡಿ. ಆಧಾರ್ ಮತ್ತು ರೇಷನ್ ಕಾರ್ಡಿನಲ್ಲಿ ಹೆಸರು ಬೇರೆ ಬೇರೆ ಇರುವಂಥ ತಕರಾರಿಗೆ ಮೇಲ್ಮನವಿಯೇ ಬೇಡ, ತಿದ್ದಿಸಿ ಮತ್ತೆ ಕೊಟ್ಟರಾಯಿತು.

ಪಿಂಚಣಿಗೆ ಡಾಕ್ಟರ ಪ್ರಮಾಣಪತ್ರದಲ್ಲಿ ಕನಿಷ್ಠ ಶೇಕಡಾ 40 ಅಂಗವೈಕಲ್ಯ ಇರಬೇಕು. ಅಷ್ಟು ಇಲ್ಲ ಅನ್ನುವುದು ಕಾರಣವಾಗಿದ್ದರೆ ದಾರಿಯೇ ಬೇರೆ. ಡಾಕ್ಟರು ಕೊಟ್ಟ ಅಂಕಿಯನ್ನು ತಹಶೀಲ್ದಾರರು ಬದಲಾಯಿಸಲು ಆಗುವುದಿಲ್ಲ. ಅವರ ಕಚೇರಿಯಲ್ಲಿ ಅತ್ತು ಪ್ರಯೋಜನ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 59ನೇ ಕಲಮಿನಲ್ಲಿ ಪ್ರಮಾಣಪತ್ರದ ವಿರುದ್ಧವೇ ಮೇಲ್ಮನವಿಗೆ ಅವಕಾಶ ಇದೆ. ಮಡಿಕೇರಿಯ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ ಹಾಕಿ. ಅಷ್ಟು ದೂರ ಹೋಗುವುದು ಕಷ್ಟ ಆದರೆ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಅವರನ್ನು ಹಿಡಿಯಿರಿ. ಅವರು ಇರುವುದೇ ಇದಕ್ಕೆ.

ಮೇಲ್ಮನವಿ ಹಾಕುವ ಮೊದಲು ಮೌಲ್ಯಮಾಪನದ ಹಾಳೆಯ, ಅಂದರೆ ಡಾಕ್ಟರು ಅಂಗವೈಕಲ್ಯ ಅಳೆದು ಬರೆದ ಹಾಳೆಯ ಪ್ರತಿ ತೆಗೆದುಕೊಳ್ಳಿ. ಕೊಡದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಸಾಕು. ಅದರಲ್ಲಿ ಎರಡು ಸಂಗತಿ ಹುಡುಕಿ. ಒಂದು, ಪರೀಕ್ಷೆ ಯಾವಾಗ ಆಯಿತು? ನರಸಂಬಂಧಿ ತೊಂದರೆ ಶುರುವಾಗಿ ಆರು ತಿಂಗಳಾದ ಮೇಲೆ ಅಳೆಯಬೇಕು ಅನ್ನುತ್ತದೆ ಮಾರ್ಗಸೂಚಿ. ಬೇಗ ಹೋಗಿದ್ದರೆ ಮರುಪರೀಕ್ಷೆ ಕೇಳುವುದೇ ಸರಿ. ಇನ್ನೊಂದು, ಏನನ್ನು ಅಳೆದರು? ಸ್ಟ್ರೋಕ್ ಆದವರಿಗೆ ಕೈಕಾಲು ಮಾತ್ರ ನೋಡಿ ಮಾತಿನ ತೊಂದರೆ ಬಿಟ್ಟಿರುವುದುಂಟು. ಮಾತು ಹೋಗುವುದೂ ಕಾಯ್ದೆಯ ಪಟ್ಟಿಯಲ್ಲಿರುವ ಅಂಗವೈಕಲ್ಯವೇ. ಎರಡು ಅಂಗವೈಕಲ್ಯ ಇದ್ದರೆ ಅವುಗಳ ಶೇಕಡಾ ಅಂಕಿಗಳನ್ನು ಸುಮ್ನೆ ಕೂಡುವುದಿಲ್ಲ. 90ರಲ್ಲಿ ದೊಡ್ಡ ಅಂಕಿಯನ್ನು ಕಳೆದು, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಸೇರಿಸುತ್ತಾರೆ. 30 ಮತ್ತು 20 ಇದ್ದರೆ 50 ಆಗುವುದಿಲ್ಲ, ಸುಮಾರು 43 ಆಗುತ್ತದೆ. ಆದರೂ 40 ದಾಟಿತು ಅಲ್ವಾ?

ಲೆಕ್ಕಕ್ಕಿಂತ ದೊಡ್ಡ ತೊಂದರೆ ಗಂಡಸರ ಬಿಗುಮಾನ. ಮನೆಯಲ್ಲಿ ಪಂಚೆ ಉಡಲೂ ಹೆಂಡತಿ ಬೇಕು. ಆಸ್ಪತ್ರೆಯಲ್ಲಿ ಮೆಡಿಕಲ್ ಬೋರ್ಡ್ ಪರೀಕ್ಷೆ ಮಾಡುವ ದಿನ ಮಾತ್ರ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ಹಾಕಿ, ಹಲ್ಲು ಕಚ್ಚಿಕೊಂಡು ನಡೆದು ಹೋಗಿ "ಅಡ್ಡಿಯಿಲ್ಲ ಡಾಕ್ಟ್ರೇ, ಈಗ ವಾಸಿ" ಅನ್ನುತ್ತಾರೆ. ಹೆಂಡತಿ ಪಕ್ಕದಲ್ಲಿ ನಿಂತು ಸುಮ್ಮನಿರುತ್ತಾರೆ, ಎಲ್ಲರ ಎದುರು ಅವರನ್ನು ಕುಗ್ಗಿಸಬಾರದು ಅಂತ. ಹಾಗಾಗಿ ನಾನು ಒಂದು ಹಾಳೆ ಬರೆಸುತ್ತೇನೆ. ಒಂದೇ ಕೈಯಲ್ಲಿ ಗುಂಡಿ ಹಾಕಲು ಆಗುತ್ತದೆಯೇ, ಲೈನ್ ಮನೆಯ (ತೋಟದ ಕಾರ್ಮಿಕರ ಸಾಲು ಮನೆ) ಹೊರಗಿನ ಶೌಚಕ್ಕೆ ಮಳೆಗಾಲದಲ್ಲಿ ಒಬ್ಬರೇ ಹೋಗುತ್ತಾರೆಯೇ, ಕಾಫಿ ಲೋಟ ಜಾರುತ್ತದೆಯೇ, ತಾನು ಕೇಳಬೇಕಾದ್ದಕ್ಕೆ ಪದ ಸಿಗುತ್ತದೆಯೇ. ಈ ಹಾಳೆಯಿಂದಲೇ ಶೇಕಡಾ ಏರುವುದಿಲ್ಲ, ಡಾಕ್ಟರು ಕೀಲಿನ ಚಲನೆ ಮತ್ತು ಸ್ನಾಯುವಿನ ಬಲ ಅಳೆದೇ ಬರೆಯುತ್ತಾರೆ. ಆದರೆ ಏನನ್ನು ಅಳೆಯಬೇಕು ಅಂತ ಅವರಿಗೆ ಅದು ತೋರಿಸುತ್ತದೆ. ಉತ್ಪ್ರೇಕ್ಷೆ ಬೇಡ. ಅದು ಪರೀಕ್ಷೆಯಲ್ಲಿ ಗೊತ್ತಾಗಿಬಿಡುತ್ತದೆ, ಆಮೇಲೆ ನಿಜ ಹೇಳಿದರೂ ನಂಬುವುದಿಲ್ಲ. ಹಾಳೆಯನ್ನು ಮೊದಲು ಯಜಮಾನರಿಗೇ ಓದಿ ಹೇಳಿ. ಮುನಿಸಿಕೊಂಡರೂ ಆಸ್ಪತ್ರೆಯಲ್ಲಿ ಮುನಿಸಿಕೊಳ್ಳುವುದಕ್ಕಿಂತ ವಾಸಿ.

ಹೆಂಡತಿ ಅಂದ ಮಾತ್ರಕ್ಕೆ ಅವರ ಪರವಾಗಿ ಸಹಿ ಹಾಕುವ ಅಧಿಕಾರ ತಾನಾಗಿ ಬರುವುದಿಲ್ಲ. ಅವರಿಗೆ ವಿಷಯ ಅರ್ಥವಾಗುತ್ತಿದ್ದರೆ ಮೇಲ್ಮನವಿಗೆ ಅವರದೇ ಸಹಿ ಅಥವಾ ಹೆಬ್ಬೆಟ್ಟು ಇರಲಿ, ನಿಮಗೆ ಓಡಾಡಲು ಒಂದು ಅಧಿಕಾರ ಪತ್ರ ಬರೆಸಿಕೊಳ್ಳಿ. ಅರ್ಥವೇ ಆಗದ ಸ್ಥಿತಿಯಲ್ಲಿದ್ದರೆ ಅದೇ 2016ರ ಕಾಯ್ದೆಯ 14ನೇ ಕಲಮಿನಡಿ ಸೀಮಿತ ಪಾಲಕತ್ವ ಕೇಳಬಹುದು. ಅದಕ್ಕೆ ವಕೀಲರು ಬೇಕಾಗುತ್ತದೆ. ಫೀಸಿನ ಚಿಂತೆ ಬೇಡ. ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೂ ಅಂಗವಿಕಲರಿಗೂ ವರಮಾನ ನೋಡದೆ ಉಚಿತ ನೆರವು ಇದೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಬನ್ನಿ. ಬರುವಾಗ ತಿರಸ್ಕಾರದ ಕಾಗದ, ಸಕಾಲ ಚೀಟಿ, ಡಿಸ್ಚಾರ್ಜ್ ಸಮ್ಮರಿ ಮೂರನ್ನೂ ತನ್ನಿ.