ಇಎಸ್‌ವಿ ಓದಿದರೆ ಕ್ಯಾಲ್ವಿನಿಸ್ಟ್ ಆಗಿಬಿಡ್ತೀವಾ?

ಪ್ರಶ್ನೆ: ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ಒಂದು ಇಂಗ್ಲಿಷ್ ಸಭೆಗೆ ಹೋಗುತ್ತಿದ್ದೇನೆ. ಅಲ್ಲಿ ಎಲ್ಲರ ಕೈಯಲ್ಲೂ ಇಎಸ್‌ವಿ (ಇಂಗ್ಲಿಷ್ ಸ್ಟ್ಯಾಂಡರ್ಡ್ ವರ್ಷನ್) ಬೈಬಲ್. ನಾನೂ ಒಂದು ಕೊಂಡೆ. ಹಬ್ಬಕ್ಕೆ ಊರಿಗೆ ಹೋದಾಗ ನಮ್ಮ ಪಾಸ್ಟರ್ ಅದನ್ನು ನೋಡಿ, "ಅದು ಕ್ಯಾಲ್ವಿನ್‌ನವರ ಬೈಬಲ್, ಕಿಂಗ್ ಜೇಮ್ಸ್ ಓದಮ್ಮ" ಅಂದರು. ಭಾಷಾಂತರ ಬದಲಾದರೆ ನಂಬಿಕೆಯೂ ಬದಲಾಗುತ್ತದೆಯೇ?

ಉತ್ತರ: ನಿಮ್ಮ ಪಾಸ್ಟರ್ ಕಣ್ಣಿಗೆ ಬಿದ್ದದ್ದು ಸುಳ್ಳಲ್ಲ. ಹದಿನಾರನೇ ಶತಮಾನದ ಸುಧಾರಕ ಜಾನ್ ಕ್ಯಾಲ್ವಿನ್‌ನ ಸಿದ್ಧಾಂತದ ಸಭೆಗಳಲ್ಲಿ ಇಎಸ್‌ವಿ ಹೆಚ್ಚು ಕಾಣುತ್ತದೆ. ಆದರೆ ಆ ಬೈಬಲ್ ಓದಿ ಅವರು ಕ್ಯಾಲ್ವಿನಿಸ್ಟರಾದರು ಅನ್ನುವುದಕ್ಕಿಂತ, ಕ್ಯಾಲ್ವಿನಿಸ್ಟರಾದವರು ಆ ಬೈಬಲನ್ನು ಕೊಂಡರು ಅನ್ನುವುದೇ ಸರಿ. ಇನ್ನು ವಚನಗಳಲ್ಲಿ ಕ್ಯಾಲ್ವಿನ್‌ನವರ ಕೈ ಹುಡುಕುತ್ತಾ ಹೊರಟರೆ ಅದು ಸಿಗುವುದು ಪಾಸ್ಟರ್ ಹೇಳಿದ ಹಳೆಯ ಇಂಗ್ಲಿಷ್ ಭಾಷಾಂತರ ಕಿಂಗ್ ಜೇಮ್ಸ್‌ನಲ್ಲೇ. ಆ ತಮಾಷೆಗೆ ಆಮೇಲೆ ಬರುತ್ತೇನೆ.

ಮೊದಲು ಜಗಳ ಯಾವುದರ ಬಗ್ಗೆ ಎಂದು ಎರಡು ಮಾತು. ರಕ್ಷಣೆ ಮೊದಲಿಂದ ಕೊನೆಯವರೆಗೂ ದೇವರದೇ ಕೆಲಸ. ಯಾರಿಗೆ ಅದು ಸಿಗಬೇಕೆಂದು ಲೋಕ ಹುಟ್ಟುವ ಮುಂಚೆಯೇ ಆತ ಆರಿಸಿದ್ದಾನೆ. ಹಾಗೆ ಆರಿಸಿಕೊಂಡವರು ನಂಬಿಕೆಯಿಂದ ಪೂರ್ತಿಯಾಗಿ ಬಿದ್ದುಹೋಗುವುದಿಲ್ಲ. ಕ್ಯಾಲ್ವಿನ್ ಪಂಗಡದ ಬೋಧನೆಯ ತಿರುಳು ಇದು. ಹಾಲೆಂಡಿನಲ್ಲಿ ದೇವಶಾಸ್ತ್ರದ ಪಂಡಿತ ಆರ್ಮಿನಿಯಸ್‌ನ ಶಿಷ್ಯರು ಇದಕ್ಕೆ ಆಕ್ಷೇಪ ಎತ್ತಿದರು. 1618–19ರಲ್ಲಿ ಡಾರ್ಟ್ ಊರಿನಲ್ಲಿ ಸಿನಡ್ (ಸಭೆಗಳ ಪ್ರತಿನಿಧಿಗಳ ಕೂಟ) ಕೂತು ಅವರ ಆಕ್ಷೇಪಗಳನ್ನು ತಳ್ಳಿಹಾಕಿತು. ಕ್ಯಾಲ್ವಿನಿಸ್ಟರ 'ಐದು ಅಂಶಗಳು' ಎಂದು ಇಂದು ಕರೆಯುವುದರ ಮೂಲ ಅಲ್ಲಿದೆ.

ಈಗ ಇಎಸ್‌ವಿ. ಅಮೆರಿಕದ ಇಲಿನಾಯ್ ರಾಜ್ಯದ ಕ್ರಾಸ್‌ವೇ ಪ್ರಕಾಶನ 2001ರಲ್ಲಿ ಇದನ್ನು ಹೊರತಂದಿತು. ಪ್ರಧಾನ ಸಂಪಾದಕರು ಜೆ. ಐ. ಪ್ಯಾಕರ್, ಹೆಸರಾಂತ ಕ್ಯಾಲ್ವಿನಿಸ್ಟ್. ಇಷ್ಟೇ ಕೇಳಿದರೆ ಪಾಸ್ಟರ್ ಮಾತು ಗೆದ್ದಂತೆ. ಆದರೆ ಇಎಸ್‌ವಿ ಹೊಸದಾಗಿ ಮಾಡಿದ ಭಾಷಾಂತರವಲ್ಲ, 1971ರ ಆರ್‌ಎಸ್‌ವಿಯನ್ನು (ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್) ತಿದ್ದಿದ್ದು. ಆರ್‌ಎಸ್‌ವಿಗೂ ಕ್ಯಾಲ್ವಿನ್‌ಗೂ ಗಂಟು ಹಾಕಿದವರಿಲ್ಲ. ಅದರ ಮೇಲಿದ್ದ ದೂರೇ ಬೇರೆ, ಅದು ಲಿಬರಲ್ ಬೈಬಲ್ ಅಂತ.

ತಿದ್ದುವಾಗ ಏನೂ ಬದಲಾಗಿಲ್ಲವೇ ಅಂದರೆ, ಆಗಿದೆ. 1 ಯೋಹಾನ 5:1 ನೋಡಿ. ಯೇಸುವೇ ಕ್ರಿಸ್ತನೆಂದು ನಂಬುವವನು 'ದೇವರ ಮಗು' ಎಂದಿತ್ತು ಆರ್‌ಎಸ್‌ವಿಯಲ್ಲಿ. ಇಎಸ್‌ವಿಯಲ್ಲಿ ಅವನು 'ದೇವರಿಂದ ಹುಟ್ಟಿದ್ದಾನೆ' ಎಂದಾಯಿತು. ಕ್ಯಾಲ್ವಿನಿಸ್ಟರು ಈ ಕ್ರಿಯಾಪದದ ಮೇಲೆ ಬೆರಳಿಟ್ಟು ಹೇಳುತ್ತಾರೆ: ನಂಬುವುದು ಈಗ, ಹುಟ್ಟು ಆಗಲೇ ಆಗಿಹೋಗಿದೆ, ಹಾಗಾದರೆ ಹೊಸ ಹುಟ್ಟು ಮೊದಲು, ನಂಬಿಕೆ ಆಮೇಲೆ. ಇಎಸ್‌ವಿ ಗ್ರೀಕಿಗೆ ದ್ರೋಹ ಬಗೆದಿಲ್ಲ, ಅಲ್ಲಿರುವುದೂ ಮುಗಿದ ಕ್ರಿಯೆಯ ರೂಪವೇ. ಕನ್ನಡದಲ್ಲಂತೂ 'ಹುಟ್ಟಿದವನು' ಎನ್ನದೆ ಆ ಮಾತು ಹೇಳುವುದೇ ಕಷ್ಟ, ಹಾಗೆಂದು ಕನ್ನಡವನ್ನು ಕ್ಯಾಲ್ವಿನಿಸ್ಟ್ ಎನ್ನಲಾದೀತೇ? ಎದುರು ಪಕ್ಷದವರ ಉತ್ತರವೂ ಚುರುಕಾಗಿದೆ. ಅದೇ ಅಧ್ಯಾಯದ 10ನೇ ವಚನದಲ್ಲಿ ದೇವರನ್ನು ನಂಬದವನು ಆತನನ್ನು ಸುಳ್ಳುಗಾರನನ್ನಾಗಿ 'ಮಾಡಿದ್ದಾನೆ' ಎಂದಿದೆ. ಕ್ರಿಯಾರೂಪ ಅದೇ. ಮೊದಲು ಸುಳ್ಳುಗಾರನನ್ನಾಗಿ ಮಾಡಿ ಆಮೇಲೆ ನಂಬದೇ ಹೋದನೇ? ಅಲ್ಲವಲ್ಲ. ಬರೀ ಕಾಲರೂಪ ಹಿಡಿದು ಯಾವುದು ಮೊದಲು ಯಾವುದು ಆಮೇಲೆ ಎಂದು ತೀರ್ಮಾನಿಸಲಾಗದು ಎನ್ನುತ್ತಾರೆ ಅವರು. ನನಗೂ ಹಾಗೇ ಅನಿಸುತ್ತದೆ.

ಇನ್ನು ಆ ತಮಾಷೆ. ಇಬ್ರಿಯರಿಗೆ 10:38. ಇಎಸ್‌ವಿಯ ಧಾಟಿ ಹೀಗಿದೆ: ನನ್ನ ನೀತಿವಂತನು ನಂಬಿಕೆಯಿಂದ ಬದುಕುವನು, ಅವನು ಹಿಂಜರಿದರೆ ಅವನಲ್ಲಿ ನನಗೆ ಸಂತೋಷವಿಲ್ಲ. ಕಿಂಗ್ ಜೇಮ್ಸ್‌ನಲ್ಲಿ: ನೀತಿವಂತನು ನಂಬಿಕೆಯಿಂದ ಬದುಕುವನು, ಆದರೆ ಯಾವನಾದರೂ ಹಿಂಜರಿದರೆ ಅವನಲ್ಲಿ ನನಗೆ ಸಂತೋಷವಿಲ್ಲ. 'ಅವನು' ಹೋಗಿ 'ಯಾವನಾದರೂ' ಬಂತು. ಮೊದಲನೆಯದರಲ್ಲಿ ಹಿಂಜರಿಯುವ ಅಪಾಯ ನೀತಿವಂತನಿಗೇ ಇದೆ. ಎರಡನೆಯದರಲ್ಲಿ ಹಿಂಜರಿಯುವವನು ಇನ್ಯಾರೋ ಮೂರನೆಯವನಾಗಬಹುದು, ನೀತಿವಂತ ಸುರಕ್ಷಿತ. ಆರಿಸಿಕೊಂಡವರು ಬಿದ್ದುಹೋಗುವುದಿಲ್ಲ ಎಂಬ ಬೋಧನೆಗೆ ಒಗ್ಗುವುದು ಎರಡನೆಯದು.

ಗ್ರೀಕಿನಲ್ಲಿ 'ಯಾವನಾದರೂ' ಎಂಬ ಪದವೇ ಇಲ್ಲ. ನಮ್ಮ 'ಹಿಂಜರಿದನು' ಎಂಬುದರಲ್ಲಿ 'ಅವನು' ಅಡಗಿರುವ ಹಾಗೆ ಗ್ರೀಕ್ ಕ್ರಿಯಾಪದದಲ್ಲೂ ಕರ್ತೃ ಅಡಗಿದ್ದಾನೆ, ಹಿಂದಿನ ವಾಕ್ಯದ ನೀತಿವಂತನೇ ಅವನು. ಪದವನ್ನು ಸೇರಿಸಿದವನು ಜಿನೀವಾದಲ್ಲಿ ಕ್ಯಾಲ್ವಿನ್‌ನ ಉತ್ತರಾಧಿಕಾರಿಯಾಗಿದ್ದ ಥಿಯೊಡೋರ್ ಬೇಜಾ, ತನ್ನ ಲ್ಯಾಟಿನ್ ಭಾಷಾಂತರದಲ್ಲಿ. ಅಲ್ಲೇ ಸಿದ್ಧವಾದ ಇಂಗ್ಲಿಷ್ ಭಾಷಾಂತರ ಜಿನೀವಾ ಬೈಬಲಿಗೂ 1611ರ ಕಿಂಗ್ ಜೇಮ್ಸ್‌ಗೂ ಅದು ಇಳಿಯಿತು. ಇಂದಿನ ಕಿಂಗ್ ಜೇಮ್ಸ್ ಮುದ್ರಣಗಳಲ್ಲಿ ಆ ಎರಡು ಇಂಗ್ಲಿಷ್ ಪದಗಳು (any man) ಓರೆ ಅಕ್ಷರದಲ್ಲಿವೆ, ಮೂಲದಲ್ಲಿಲ್ಲ ಎಂಬ ಪ್ರಾಮಾಣಿಕ ಗುರುತು. ಆರ್ಮಿನಿಯಸ್ ಪಕ್ಷದ, ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿ 1755ರಲ್ಲಿ ತನ್ನದೇ ಹೊಸ ಒಡಂಬಡಿಕೆ ಹೊರತಂದಾಗ 'ಯಾವನಾದರೂ' ತೆಗೆದು 'ಅವನು' ಎಂದು ತಿದ್ದಿದ. 'ಕ್ಯಾಲ್ವಿನ್‌ನವರ' ಇಎಸ್‌ವಿ ಇಲ್ಲಿ ನಿಂತಿರುವುದು ವೆಸ್ಲಿಯ ಪಕ್ಕದಲ್ಲಿ.

ಇದರಿಂದ ಕ್ಯಾಲ್ವಿನಿಸ್ಟರ ಬೋಧನೆ ಕುಸಿಯಿತೇ? ಇಲ್ಲ. ಅವರು ಮುಂದಿನ ವಚನ ತೋರಿಸುತ್ತಾರೆ, ನಾವಾದರೋ ಹಿಂಜರಿಯುವವರಲ್ಲ ಎಂಬುದನ್ನು. ಒಂದು ಪದ ತೆಗೆದರೆ ಬೀಳುವಂಥ ಕಟ್ಟಡವಲ್ಲ ಅದು. ಒಂದು ಪದ ಸೇರಿಸಿ ಎಬ್ಬಿಸಿದ್ದೂ ಅಲ್ಲ. ಅದಕ್ಕೇ, ಒಂದೇ ಕಿಂಗ್ ಜೇಮ್ಸ್ ಕೈಯಲ್ಲಿ ಹಿಡಿದು ವೆಸ್ಲಿ 1739ರಲ್ಲಿ ಪೂರ್ವನಿರ್ಣಯದ (ದೇವರು ಮೊದಲೇ ಆರಿಸಿದ್ದಾನೆ ಎಂಬ ಬೋಧನೆಯ) ವಿರುದ್ಧ ಪ್ರಸಂಗ ಮಾಡಿದ, ಅವನ ಗೆಳೆಯ ಜಾರ್ಜ್ ವೈಟ್‌ಫೀಲ್ಡ್ ಅದರ ಪರವಾಗಿ ಉತ್ತರ ಬರೆದ. ಮುಂದಿನ ಶತಮಾನದಲ್ಲಿ ಲಂಡನ್ನಿನ ಹೆಸರಾಂತ ಪ್ರಸಂಗಿ ಸ್ಪರ್ಜನ್ ಅದೇ ಬೈಬಲಿನಿಂದ ಕ್ಯಾಲ್ವಿನ್ ಬೋಧನೆಯನ್ನು ಸಾವಿರಾರು ಜನಕ್ಕೆ ಸಾರಿದ.

ಹಾಗಾದರೆ ನಂಬಿಕೆಯನ್ನು ಬಗ್ಗಿಸುವುದು ಯಾವುದು? ವಚನದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇರುವುದು. 1560ರ ಜಿನೀವಾ ಬೈಬಲಿನ ಅಂಚಿನ ತುಂಬ ಟಿಪ್ಪಣಿಗಳಿದ್ದವು. ಮುಂದಿನ ಹಲವು ಮುದ್ರಣಗಳಲ್ಲಿ ಪೂರ್ವನಿರ್ಣಯದ ಬಗ್ಗೆ ಪ್ರಶ್ನೋತ್ತರವನ್ನೇ ಸೇರಿಸಿ ಹೊಲಿದಿದ್ದರು. ದೊರೆ ಜೇಮ್ಸ್‌ಗೆ ಈ ಟಿಪ್ಪಣಿಗಳನ್ನು ಕಂಡರಾಗುತ್ತಿರಲಿಲ್ಲ. ಅವನ ಕೋಪಕ್ಕೆ ಪೂರ್ವನಿರ್ಣಯ ಕಾರಣವಲ್ಲ, ವಿಮೋಚನಕಾಂಡದಲ್ಲಿ ಫರೋಹನ ಮಾತು ಮೀರಿದ ಸೂಲಗಿತ್ತಿಯರನ್ನು ಆ ಟಿಪ್ಪಣಿ ಮೆಚ್ಚಿದ್ದು ಕಾರಣ. ತನ್ನ ಬೈಬಲಿಗೆ ಅಂಥ ಟಿಪ್ಪಣಿ ಬೇಡವೆಂದ. ನಮ್ಮ ಕಾಲದ ಸ್ಟಡಿ ಬೈಬಲುಗಳು ಮಾಡುವುದೂ ಜಿನೀವಾದ ಕೆಲಸವನ್ನೇ. ಅಮೆರಿಕದ ಕ್ಯಾಲ್ವಿನಿಸ್ಟ್ ಪಾಸ್ಟರ್ ಜಾನ್ ಮೆಕ್‌ಆರ್ಥರ್ ಟಿಪ್ಪಣಿಗಳು 1997ರಲ್ಲಿ ಬಂದದ್ದು ನ್ಯೂ ಕಿಂಗ್ ಜೇಮ್ಸ್ ಜೊತೆ. ಆಮೇಲೆ ಅವೇ ಟಿಪ್ಪಣಿಗಳು ಇಎಸ್‌ವಿ, ಎನ್‌ಐವಿಗಳ ಕೆಳಗೂ ಕೂತವು. ಮೇಲಿನ ಭಾಷಾಂತರ ಬದಲಾಯಿತು, ಕೆಳಗಿನ ಬೋಧನೆ ಹಾಗೇ ಉಳಿಯಿತು. ನೀವು ಕೊಂಡದ್ದು ಬರೀ ಇಎಸ್‌ವಿಯೋ, ದಪ್ಪನೆಯ ಸ್ಟಡಿ ಬೈಬಲೋ ಎಂದು ಪಾಸ್ಟರ್ ಕೇಳಿದ್ದರೆ ಅವರ ಚಿಂತೆಗೆ ಅರ್ಥವಿರುತ್ತಿತ್ತು. ಅದಕ್ಕಿಂತ ಮುಖ್ಯ, ಭಾನುವಾರ ಆ ವಚನವನ್ನು ನಿಮಗೆ ಬಿಡಿಸಿ ಹೇಳುವವರು ಯಾರು ಎಂಬುದು.

ನಮ್ಮ ಕನ್ನಡ ಬೈಬಲಿನ ಕತೆಯೂ ಇದನ್ನೇ ಹೇಳುತ್ತದೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಶುರುಮಾಡಿದ ಕೆಲಸ 1831ರಲ್ಲಿ ಪೂರ್ತಿ ಬೈಬಲ್ ಆಯಿತು. ಆ ಮಿಷನ್‌ನ ಬೇರು ಬಹುಮಟ್ಟಿಗೆ ಕ್ಯಾಲ್ವಿನ್ ಕಡೆಯದು. ಮೈಸೂರು, ತುಮಕೂರಿನ ಕಡೆ ಸಭೆ ಕಟ್ಟಿದ ಮೆಥಡಿಸ್ಟರು ವೆಸ್ಲಿಯ ಮಕ್ಕಳು. 1947ರಲ್ಲಿ ಎರಡೂ ಕಡೆಯವರು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯಲ್ಲಿ ಒಂದಾದಾಗ ಸತ್ಯವೇದ ಬದಲಿಸುವ ಪ್ರಶ್ನೆ ಬರಲಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಇಎಸ್‌ವಿ ಬ್ಯಾಗಿನಲ್ಲಿರಲಿ. ಪಾಸ್ಟರ್ ಮನೆಯಲ್ಲಿ ಕಾಫಿ ಕುಡಿಯುತ್ತಾ, "ಅಯ್ಯನವರೇ, ಇಬ್ರಿಯ 10:38 ನಿಮ್ಮ ಕಿಂಗ್ ಜೇಮ್ಸ್‌ನಲ್ಲಿ ಸ್ವಲ್ಪ ಓದ್ತೀರಾ?" ಅಂತ ಕೇಳಿ. ಓರೆ ಅಕ್ಷರ ಬಂದಾಗ ನಿಲ್ಲಿಸಲು ಹೇಳಿ.