ಮಗು ಒಳಗೆ ಮಲಗಿದೆ

‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಮೊದಲ ಕಂತನ್ನು 2009ರಲ್ಲಿ ಪ್ರಯೋಗಕ್ಕೆಂದು ಚಿತ್ರೀಕರಿಸಿ, ಒಂದಷ್ಟು ಸ್ನೇಹಿತರನ್ನು ಕೂರಿಸಿ ತೋರಿಸಿದರಂತೆ. ನೋಡಿ ಮುಗಿಸಿದವರಿಗೆ ಸೆರ್ಸಿ, ಜೇಮಿ ಅಕ್ಕ-ತಮ್ಮ ಅನ್ನುವುದೇ ತಿಳಿದಿರಲಿಲ್ಲ. ಇಡೀ ಕಥೆಗೆ ಬೆಂಕಿ ಹತ್ತುವುದೇ ಆ ಅವಳಿಗಳ ಕಳ್ಳ ಸಂಬಂಧದಿಂದ. ಅದು ಗೊತ್ತಾಗದಿದ್ದರೆ ಕಂತಿನ ಕೊನೆಗೆ ಕಾಣುವುದಿಷ್ಟೇ: ಯಾವನೋ ಒಬ್ಬ ಯಾವಳೋ ಒಬ್ಬಳ ಜೊತೆ ಸಿಕ್ಕಿಬಿದ್ದ, ನೋಡಿದ ಹುಡುಗನನ್ನು ಕಿಟಕಿಯಿಂದ ತಳ್ಳಿದ.

ಈ ಧಾರಾವಾಹಿಗೆ ಮೂಲವಾದ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿಯಲ್ಲಿ ಇದೊಂದು ಸಮಸ್ಯೆಯೇ ಅಲ್ಲ. ‘ರಾಣಿಯ ಅವಳಿ ಸೋದರ’ ಅಂತ ಮೂರು ಪದ ಬರೆದು ಲೇಖಕ ಮುಂದೆ ಹೋಗಿಬಿಡುತ್ತಾನೆ. ಪರದೆಯ ಮೇಲೆ ಹೊಂಬಣ್ಣದ ಕೂದಲಿನ ಇಬ್ಬರು ನಿಂತಿದ್ದರೆ ಅವರು ಒಡಹುಟ್ಟಿದವರೋ ಗಂಡ-ಹೆಂಡಿರೋ, ಯಾರು ಹೇಳಬೇಕು? ಆ ಕಂತಿನ ಬಹುಪಾಲನ್ನು ಮತ್ತೆ ಚಿತ್ರೀಕರಿಸಿದರು. 2011ರ ಏಪ್ರಿಲ್‌ನಲ್ಲಿ ಪ್ರಸಾರವಾದ ಕಂತಿನಲ್ಲಿ ಜೇಮಿ ಮಾತಿನ ನಡುವೆ ಸೆರ್ಸಿಗೆ, ನಿನ್ನ ಒಡಹುಟ್ಟಿದವನಾಗಿ ಎಚ್ಚರಿಸುವುದು ನನ್ನ ಕರ್ತವ್ಯ, ನೀನು ತೀರಾ ಚಿಂತೆ ಮಾಡ್ತೀಯ ಎಂಬರ್ಥದ ಮಾತಾಡುತ್ತಾನೆ. ಯಾವ ಮನೆಯಲ್ಲೂ ಯಾವ ತಮ್ಮನೂ ಅಕ್ಕನ ಹತ್ತಿರ ಹೀಗೆ ಮಾತಾಡಲ್ಲ. ನನಗೆ ಅದನ್ನು ಕೇಳಿ ಜೋರಾಗಿ ನಗು ಬಂತು. ಹತ್ತೊಂಬತ್ತು ವರ್ಷದಿಂದ ಕನ್ನಡ ಧಾರಾವಾಹಿಗಳಿಗೆ ಚಿತ್ರಕಥೆ, ಸಂಭಾಷಣೆ ಬರೆಯುತ್ತಿರುವವನು ನಾನು. ‘ನಿಮ್ಮ ಸ್ವಂತ ನಾದಿನಿಯಾಗಿ ಕೇಳ್ತಿದ್ದೀನಿ ಅತ್ತಿಗೆ’ ಅನ್ನುವ ಥರದ ಸಾಲುಗಳನ್ನು ಲೆಕ್ಕವಿಲ್ಲದಷ್ಟು ಬರೆದಿದ್ದೇನೆ. ಕೋಟಿಗಟ್ಟಲೆ ದುಡ್ಡು ಸುರಿದವರೂ ಕೊನೆಗೆ ಬಂದು ನಿಂತದ್ದು ನಮ್ಮ ಬೀದಿಯಲ್ಲೇ.

ನನ್ನ ಅಕ್ಕನ ಮಗಳಿಗೆ ಇಂಥ ಕಾದಂಬರಿಗಳ ಹುಚ್ಚು. ಪುಸ್ತಕಕ್ಕೂ ಸೀರಿಯಲ್‌ಗೂ ಇರುವ ವ್ಯತ್ಯಾಸಗಳನ್ನು ವಾಯ್ಸ್ ಮೆಸೇಜ್‌ನಲ್ಲಿ ಕಳಿಸುತ್ತಲೇ ಇರುತ್ತಾಳೆ. ಎಲ್ಲದರ ಕೊನೆಗೂ ಒಂದೇ ಪ್ರಶ್ನೆ: “ಮಾವ, ನೀವೂ ಹೀಗೇ ಹಾಳು ಮಾಡ್ತೀರಾ?” ಮಾಡ್ತೀವಿ ಪುಟ್ಟಿ. ಆದರೆ ಹಾಳು ಮಾಡಬೇಕು ಅಂತ ಕೂತು ಮಾಡುವುದಿಲ್ಲ.

ಮಾರ್ಟಿನ್ ಅವರ ಕಾದಂಬರಿಗಳಲ್ಲಿ ಪ್ರತಿ ಅಧ್ಯಾಯವೂ ಒಬ್ಬರ ತಲೆಯೊಳಗೆ ಕೂತು ನಡೆಯುತ್ತದೆ. ಮೊದಲ ಪುಸ್ತಕದಲ್ಲಿ, ಮುನ್ನುಡಿಯಂಥ ಭಾಗ ಬಿಟ್ಟರೆ, ಅಂಥವರು ಎಂಟೇ ಜನ. ಅವರಿಗೆ ಕಂಡದ್ದು ನಮಗೆ ಕಾಣುತ್ತದೆ, ಕಾಣದ್ದು ಇಲ್ಲ. ಸೆರ್ಸಿಯ ಗಂಡ, ರಾಜ ರಾಬರ್ಟ್ ಆ ಎಂಟರಲ್ಲಿಲ್ಲ. ಸೆರ್ಸಿಯ ತಲೆಯೊಳಗೆ ನಾವು ಹೋಗುವುದು 2005ರಲ್ಲಿ ಬಂದ ನಾಲ್ಕನೇ ಪುಸ್ತಕದಲ್ಲಿ. ಹಾಗಾಗಿ ಈ ಗಂಡ-ಹೆಂಡತಿ ಇಬ್ಬರೇ ಕೂತು ಮಾತಾಡುವ ಒಂದು ಪುಟವೂ ಕಾದಂಬರಿಯಲ್ಲಿ ಇಲ್ಲ. ಧಾರಾವಾಹಿಯ ಐದನೇ ಕಂತಿನಲ್ಲಿದೆ. ಹದಿನೇಳು ವರ್ಷದ ಸತ್ತ ದಾಂಪತ್ಯವನ್ನು ಮಧ್ಯೆ ಇಟ್ಟುಕೊಂಡು ಇಬ್ಬರೂ ಹರಟುತ್ತಾರೆ, ನಗುತ್ತಾರೆ. ನಮ್ಮಿಬ್ಬರಿಗೆ ಯಾವತ್ತಾದರೂ ಹೊಂದಿಕೆ ಆಗುತ್ತಿತ್ತಾ ಅಂತ ಅವಳು ಕೇಳುತ್ತಾಳೆ. ಇಲ್ಲ ಅನ್ನುತ್ತಾನೆ. ನನ್ನ ಮಟ್ಟಿಗೆ ಆ ಸೀಸನ್ನಿನ ಅತ್ಯುತ್ತಮ ದೃಶ್ಯ ಅದು. ಹುಟ್ಟಿದ್ದು ಹೇಗೆ ಗೊತ್ತಾ? ಕಂತುಗಳ ಅವಧಿ ಕಮ್ಮಿ ಬಿದ್ದಿತ್ತು, ಕೈಯಲ್ಲಿ ದುಡ್ಡೂ ಕಮ್ಮಿ. ಒಂದು ಕೋಣೆ, ಇಬ್ಬರು ನಟರು, ಒಂದಿಷ್ಟು ಮಾತು. ಇದಕ್ಕಿಂತ ಅಗ್ಗದ ಸೀನ್ ಪ್ರಪಂಚದಲ್ಲಿ ಇಲ್ಲ. ನಮ್ಮಲ್ಲೂ ಎಪಿಸೋಡಿಗೆ ನಾಲ್ಕು ನಿಮಿಷ ಕಮ್ಮಿ ಬಿದ್ದಾಗ ಅತ್ತೆ-ಸೊಸೆಯನ್ನು ಅಡುಗೆಮನೆಗೆ ಕಳಿಸುತ್ತೇವೆ.

ನಮ್ಮ ತಾಳಮದ್ದಳೆಯ ಅರ್ಥಧಾರಿಗಳಿಗೆ ಈ ಕಷ್ಟವಿಲ್ಲ. ಕರ್ಣ ತನ್ನ ಮನಸ್ಸಿನಲ್ಲಿರುವುದನ್ನೆಲ್ಲ ಬಾಯಿ ಬಿಟ್ಟು ಮುಕ್ಕಾಲು ಗಂಟೆ ಹೇಳಬಹುದು, ಜನ ತಲೆದೂಗುತ್ತಾರೆ. ಕ್ಯಾಮೆರಾದ ಮುಂದೆ ಹಾಗೆ ಮಾಡಿದರೆ ರಿಮೋಟ್ ಒತ್ತುತ್ತಾರೆ. ಒಳಗಿನದನ್ನು ಹೊರಗೆ ತರಲು ಒಂದು ಘಟನೆ ಬೇಕು, ಇಲ್ಲವೇ ಕೇಳಿಸಿಕೊಳ್ಳಲು ಇನ್ನೊಬ್ಬರು ಬೇಕು. ಎಡವುವುದು ಇಲ್ಲೇ. ‘ದಿ ವೀಲ್ ಆಫ್ ಟೈಮ್’ ಕಾದಂಬರಿಯ ಪೆರಿನ್ ದೈತ್ಯ ದೇಹದ ಮೆದು ಹುಡುಗ. ತನ್ನ ಕೈಯಿಂದ ಯಾರಿಗೆ ಪೆಟ್ಟಾಗುತ್ತದೋ ಅನ್ನುವ ಅಳುಕು ಅವನಿಗೆ ಪುಟಪುಟದಲ್ಲೂ ಇದೆ. 2021ರ ಧಾರಾವಾಹಿಯವರು ಮೊದಲ ಕಂತಿನಲ್ಲೇ ಅವನಿಗೊಬ್ಬಳು ಹೆಂಡತಿಯನ್ನು ಹುಟ್ಟಿಸಿ, ಗದ್ದಲದಲ್ಲಿ ಕೈತಪ್ಪಿ ಅವನೇ ಅವಳನ್ನು ಕೊಡಲಿಯಿಂದ ಕೊಲ್ಲುವ ಹಾಗೆ ಮಾಡಿದರು. ಅಳುಕು ಈಗ ಕಣ್ಣಿಗೆ ಕಾಣುತ್ತದೆ, ಒಪ್ಪೋಣ. ಆದರೆ ಹೆಂಡತಿಯನ್ನು ಕೊಂದವನ ದುಃಖ ಬೇರೆ, ಯಾರನ್ನಾದರೂ ನೋಯಿಸಿಬಿಟ್ಟೇನು ಎಂದು ನಿಧಾನವಾಗಿ ನಡೆಯುವ ಹುಡುಗನ ಸ್ವಭಾವ ಬೇರೆ. ಹೆಂಡತಿಯ ಹೆಣವನ್ನು ಮೊದಲ ಕಂತಿನಲ್ಲೇ ಹೊರಿಸಿದ ಮೇಲೆ ನಟ ಮುಖ ಇಳಿಬಿಟ್ಟುಕೊಂಡು ಓಡಾಡದೆ ಇನ್ನೇನು ಮಾಡಿಯಾನು?

ಸಣ್ಣಪುಟ್ಟವುಗಳಲ್ಲಿ ಹೆಸರು, ವಯಸ್ಸು. ‘ಗೇಮ್ ಆಫ್ ಥ್ರೋನ್ಸ್’ನಲ್ಲಿ ಆಶಾ ಎಂಬವಳ ಹೆಸರನ್ನು ‘ಯಾರಾ’ ಮಾಡಿದರು, ಯಾಕೆಂದರೆ ಆಗಲೇ ಓಶಾ ಎಂಬ ಇನ್ನೊಬ್ಬಳು ಇದ್ದಳು. ಕಿವಿಗೆ ಎರಡೂ ಒಂದೇ. ಇದು ನೂರಕ್ಕೆ ನೂರು ಸರಿ. ವಯಸ್ಸಿನದು ಅಷ್ಟು ಸಲೀಸಲ್ಲ. ಕಾದಂಬರಿಯ ಡೆನೇರಿಸ್ ಮದುವೆಯಾಗುವಾಗ ಅವಳಿಗೆ 13 ವರ್ಷ, ರಾಬ್‌ಗೆ ಕಥೆಯ ಆರಂಭದಲ್ಲಿ 14. ಅವುಗಳನ್ನು ಹಾಗೇ ತೆರೆಗೆ ತರಲು ಕಾನೂನೂ ಬಿಡಲ್ಲ, ಮನಸ್ಸೂ ಒಪ್ಪಲ್ಲ. ಹದಿನೇಳರ ಸುಮಾರಿಗೆ ಏರಿಸಿ ಅದಕ್ಕಿಂತ ದೊಡ್ಡ ನಟರನ್ನು ಹಾಕಿಕೊಂಡರು. ಆದರೆ ತೆರೆಯ ರಾಬ್‌ನಂತೆ ಗಡ್ಡ ಬಂದವನು ಯುದ್ಧದ ನಡುವೆ, ಬೇರೆಡೆ ಮದುವೆಗೆ ಕೊಟ್ಟ ಮಾತು ಮುರಿದು ಇನ್ನೊಬ್ಬಳನ್ನು ಮದುವೆಯಾದರೆ ನಮಗೆ ಪೆದ್ದ ಅನ್ನಿಸುತ್ತಾನೆ. ಮೀಸೆ ಚಿಗುರುತ್ತಿರುವ ಹುಡುಗ ಅದೇ ತಪ್ಪು ಮಾಡಿದರೆ ಅಯ್ಯೋ ಅನ್ನಿಸುತ್ತದೆ. ಪುಸ್ತಕದಲ್ಲಿ ರಾಬ್‌ನ ಮದುವೆ ನಡೆಯುವುದು ನಮ್ಮ ಕಣ್ಣ ಹಿಂದೆ, ಕೂಡಿದ ಹುಡುಗಿಯ ಮಾನ ಉಳಿಸಲಿಕ್ಕೆ, ಮಾನವೇ ದೊಡ್ಡದೆಂದ ಅಪ್ಪನ ಮಗನಾಗಿ. ಅಮ್ಮನ ಜೊತೆ ನಾವೂ ಆ ಸುದ್ದಿ ಕೇಳಿ ಬೆಚ್ಚುತ್ತೇವೆ. ತೆರೆಯ ಮೇಲೆ ಅದು ಯುದ್ಧಭೂಮಿಯಲ್ಲಿ ಗಾಯಾಳುಗಳ ಆರೈಕೆ ಮಾಡುವ ಹುಡುಗಿಯ ಜೊತೆಗಿನ ಪ್ರೇಮಕಥೆ. ಕಥೆ ತಲುಪುವ ಊರು ಒಂದೇ ಆದರೂ ಆ ಹುಡುಗ ಬೇರೆಯವನಾದ.

ಇನ್ನು ದುಡ್ಡು. ಪುಸ್ತಕ ಹಿಡಿದು ಜಗಳಕ್ಕೆ ಬರುವವರು ಇದನ್ನೇ ಮರೆಯುತ್ತಾರೆ. ಮೊದಲ ಸೀಸನ್ನಿನ ಒಂಬತ್ತನೇ ಕಂತಿನಲ್ಲಿ ಸೆರ್ಸಿಯ ಕಿರಿಯ ತಮ್ಮ ಟಿರಿಯನ್ ಯುದ್ಧಕ್ಕೆ ಹೊರಡುತ್ತಾನೆ, ತನ್ನ ಕಡೆಯವರದ್ದೇ ಸುತ್ತಿಗೆ ತಲೆಗೆ ಬಡಿದು ಮೂರ್ಛೆ ಹೋಗುತ್ತಾನೆ, ಎಚ್ಚರವಾಗುವಷ್ಟರಲ್ಲಿ ಯುದ್ಧ ಮುಗಿದಿರುತ್ತದೆ. ಪುಸ್ತಕದಲ್ಲಿ ಆತ ಕಾದಾಡುತ್ತಾನೆ. ಆ ಒಂದು ಪೆಟ್ಟಿನಲ್ಲಿ ಎಷ್ಟು ಕುದುರೆ, ಎಷ್ಟು ಜೂನಿಯರ್ ಆರ್ಟಿಸ್ಟ್, ಎಷ್ಟು ದಿನದ ಶೂಟಿಂಗ್ ಉಳಿಯಿತು ಅಂತ ನನ್ನಂಥವನಿಗೆ ಕೂಡಲೇ ಲೆಕ್ಕ ಹೊಳೆಯುತ್ತದೆ. ಎರಡನೇ ಸೀಸನ್ನಿನ ನದಿಕಾಳಗದ ಕಂತು ಇನ್ನೂ ಸ್ವಾರಸ್ಯ. ಪುಸ್ತಕದಲ್ಲಿ ಟಿರಿಯನ್ ನದಿಗೆ ಅಡ್ಡಲಾಗಿ ಮಹಾ ಸರಪಳಿ ಎಳೆಸಿ ಶತ್ರು ಹಡಗುಗಳನ್ನು ಬೆಂಕಿಯೊಳಗೆ ಕೂಡಿಹಾಕುತ್ತಾನೆ. ಆ ಸರಪಳಿಗೆ ಕಮ್ಮಾರರನ್ನು ಹಚ್ಚುವುದರಿಂದ ಹಿಡಿದು ಎಷ್ಟೋ ಪುಟಗಳ ಸಿದ್ಧತೆ ಅದು. 2012ರ ಕಂತಿನಲ್ಲಿ ಸರಪಳಿಯೇ ಇಲ್ಲ. ಹಸಿರು ಬೆಂಕಿಯ ದ್ರವ ಸೋರಿಸುತ್ತಾ ಬರುವ ಒಂಟಿ ಹಡಗು, ಒಂದು ಬಾಣ. ಆ ಕಂತನ್ನು ಬರೆದವರು ಯಾರು? ಸ್ವತಃ ಮಾರ್ಟಿನ್. ಈ ಕಾದಂಬರಿಗಳಿಗೆ ಮೊದಲು ಅಮೆರಿಕದ ಟಿವಿಯಲ್ಲಿ ವರ್ಷಗಟ್ಟಲೆ ದುಡಿದ ಮನುಷ್ಯ ಅವರು. ಆ ಕುರ್ಚಿಯಲ್ಲಿ ಕೂತಾಗ ತಮ್ಮದೇ ಸರಪಳಿಯನ್ನು ಬಿಟ್ಟುಕೊಟ್ಟರು. ಸರಪಳಿ ಹೋದರೂ ಕಂತು ಸೊರಗಲಿಲ್ಲ. ಟಿರಿಯನ್ನನ ಜಾಣತನವನ್ನು ತೋರಿಸುವುದು ಅದರ ಕೆಲಸವಾಗಿತ್ತು, ಅದನ್ನು ಆ ಒಂಟಿ ಹಡಗೇ ಮಾಡಿಬಿಟ್ಟಿತು.

ಒಂದು ಪಾತ್ರವನ್ನೋ ವಸ್ತುವನ್ನೋ ತೆಗೆಯುವ ಮೊದಲು ಅದು ಏನನ್ನು ಹೊತ್ತು ನಿಂತಿದೆ ಅಂತ ನೋಡಬೇಕು ಅನ್ನುವುದನ್ನು ನಾನು ಕಲಿತದ್ದು ಮಾನ ಕಳೆದುಕೊಂಡು. ಬಹಳ ಹಿಂದೆ ಮಲೆನಾಡಿನ ಒಂದು ಕಾದಂಬರಿಯನ್ನು ಧಾರಾವಾಹಿಗೆ ಬರೆಯುತ್ತಿದ್ದೆ. ಅದರಲ್ಲೊಬ್ಬಳು ಅಜ್ಜಿ. ಜಗಲಿಯಲ್ಲಿ ಕೂತು ಅಡಿಕೆ ಸುಲಿಯುವುದು ಬಿಟ್ಟರೆ ಕಥೆಗೆ ಅವಳಿಂದ ಏನೂ ಆಗುತ್ತಿರಲಿಲ್ಲ. ಆ ಪಾತ್ರಕ್ಕೆ ಅಂದುಕೊಂಡಿದ್ದ ಹಿರಿಯ ಕಲಾವಿದೆಯ ಡೇಟ್ಸ್ ಸಿಗಲಿಲ್ಲ, ಒನ್‌ಲೈನ್‌ನಿಂದ, ಅಂದರೆ ದೃಶ್ಯಗಳ ಪಟ್ಟಿಯಿಂದ, ನಾನೇ ಅಜ್ಜಿಯನ್ನು ಹೊಡೆದುಹಾಕಿದೆ. ಅರವತ್ತನೇ ಎಪಿಸೋಡಿನ ಹೊತ್ತಿಗೆ ನಾಯಕಿ ಯಾರಿಗೂ ಹೇಳಲಾಗದ ಒಂದು ಸಂಗತಿಯನ್ನು ಯಾರಿಗಾದರೂ ಹೇಳಲೇಬೇಕಾಯಿತು. ಕಾದಂಬರಿ ತೆಗೆದು ನೋಡಿದರೆ, ಹೇಳುವುದು ಅಜ್ಜಿಗೆ. ಅಜ್ಜಿಗೆ ಕಿವಿ ಕೇಳುವುದಿಲ್ಲ! ಕೇಳುವುದಿಲ್ಲ ಅಂತಲೇ ಅವಳು ಹೇಳುವುದು. ಆ ಅಡಿಕೆ ಸುಲಿಯುವ ಸದ್ದನ್ನು ಲೇಖಕಿ ಮುನ್ನೂರು ಪುಟ ಸುಮ್ಮನೆ ಕೇಳಿಸಿರಲಿಲ್ಲ. ನಾನು ರಾತ್ರೋರಾತ್ರಿ ಪಕ್ಕದ ಮನೆಗೊಬ್ಬಳು ಗೆಳತಿಯನ್ನು ಸೃಷ್ಟಿಸಿದೆ. ಎರಡು ವಾರಕ್ಕೆ ಆ ಗೆಳತಿ, ಚಾನೆಲ್‌ನವರ ಇಷ್ಟದಂತೆ, ವಿಲನ್ ಆದಳು.

ಇದು ಹೊಸ ಕಾಲದ ರೋಗವೇನೂ ಅಲ್ಲ. ಪಂಪನಿಗೂ ಒಂದು ಚಾನೆಲ್ ಇತ್ತು, ಅದರ ಹೆಸರು ಅರಿಕೇಸರಿ. ಆ ದೊರೆಯನ್ನು ಅರ್ಜುನನಿಗೆ ಸಮೀಕರಿಸಿ ಕಾವ್ಯ ಕಟ್ಟಬೇಕಿತ್ತು, ಹಾಗಾಗಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದಳು. ಆದರೆ ಮುಡಿ ಕಟ್ಟುವ ಹೊತ್ತು ಬಂದಾಗ ಮುಂದೆ ನಿಂತವನು ಭೀಮನೇ. ಮೂಲದಲ್ಲಿ ಗಂಡ, ಇಲ್ಲಿ ಭಾವ. ಪಂಪ ಪಂಪನಾದ್ದರಿಂದ ಆ ಪದ್ಯ ನಮ್ಮನ್ನು ಉಸಿರು ಬಿಗಿಹಿಡಿಸಿ ಕೂರಿಸುತ್ತದೆ, ಭಾವನ ಕೈಯಲ್ಲಿ ಅವಳ ಕೂದಲು ಯಾಕಿದೆ ಅಂತ ಕೇಳಲು ಮರೆಯುತ್ತೇವೆ. ನಮಗೆಲ್ಲ ಆ ಕೈ ಇಲ್ಲ.

‘ಹೌಸ್ ಆಫ್ ದ ಡ್ರ್ಯಾಗನ್’ ವಿಷಯಕ್ಕೆ ಬರುತ್ತೇನೆ. ‘ಗೇಮ್ ಆಫ್ ಥ್ರೋನ್ಸ್’ಗೂ ಹಿಂದಿನ ಕಾಲದ ಕಥೆ ಹೇಳುವ ಧಾರಾವಾಹಿ ಇದು. ಇದರ ಮೂಲ ಮಾರ್ಟಿನ್ ಅವರದೇ 2018ರ ‘ಫೈರ್ ಅಂಡ್ ಬ್ಲಡ್’. ರೂಢಿಯ ಕಾದಂಬರಿಯಲ್ಲ, ಒಬ್ಬ ಪಂಡಿತ ಬರೆದ ಇತಿಹಾಸದಂತೆ ವೇಷ ಹಾಕಿದ ಪುಸ್ತಕ. ಒಂದೇ ಘಟನೆಗೆ ಪುರೋಹಿತ ಒಂದು ಹೇಳುತ್ತಾನೆ, ಆಸ್ಥಾನದ ವಿದೂಷಕ ಇನ್ನೊಂದು. ಅದರಲ್ಲಿ ರಾಣಿ ಹೆಲೇನಾಳಿಗೆ ಮೂವರು ಮಕ್ಕಳು. ಕೊಲೆಗಡುಕರು ಅರಮನೆಗೆ ನುಗ್ಗಿ, ನಿನ್ನ ಇಬ್ಬರು ಗಂಡುಮಕ್ಕಳಲ್ಲಿ ಯಾರು ಸಾಯಲಿ, ನೀನೇ ಹೇಳು ಅನ್ನುತ್ತಾರೆ. ಅವಳು ಚಿಕ್ಕವನ ಹೆಸರು ಹೇಳುತ್ತಾಳೆ. ಎರಡು ವರ್ಷದ ಮೇಲೋರ್. ಅದಕ್ಕೆ ಅರ್ಥವಾಗಲಿಕ್ಕಿಲ್ಲ ಅಂತ. ಅವರು ಆ ಮಗುವಿನ ಕಿವಿಯಲ್ಲಿ ನಿನ್ನಮ್ಮನಿಗೆ ನೀನು ಸಾಯಬೇಕಂತೆ ಅಂತ ಹೇಳಿ, ದೊಡ್ಡವನನ್ನು ಕಡಿಯುತ್ತಾರೆ. ಆಮೇಲೆ ಬದುಕಿಡೀ ಆ ತಾಯಿಗೆ ಉಳಿದ ಮಗನ ಮುಖ ನೋಡಲಾಗುವುದಿಲ್ಲ.

2024ರಲ್ಲಿ ಬಂದ ಧಾರಾವಾಹಿಯ ಎರಡನೇ ಸೀಸನ್ನಿನಲ್ಲಿ ಮೇಲೋರ್ ಇಲ್ಲ. ಇರುವುದು ಅವಳಿ ಮಕ್ಕಳು, ಒಂದು ಗಂಡು ಒಂದು ಹೆಣ್ಣು. ಯಾವುದು ಗಂಡು ಅಂತ ಕೇಳುತ್ತಾರೆ, ಅವಳು ತೋರಿಸುತ್ತಾಳೆ. ಭೀಕರವೇ. ಆದರೆ ತಾಯಿ ಆರಿಸಿದ್ದು, ಆರಿಸಿದ ಮಗು ಬದುಕಿ ಉಳಿದದ್ದು, ಎರಡೂ ಮಾಯ. ಮಾರ್ಟಿನ್ ಆ ಸೆಪ್ಟೆಂಬರಿನಲ್ಲಿ ಇದರ ಬಗ್ಗೆ ಬಹಿರಂಗವಾಗಿಯೇ ಬರೆದರು, ಸ್ವಲ್ಪದರಲ್ಲೇ ತೆಗೆದೂ ಹಾಕಿದರು. ತಮಗೆ ಧಾರಾವಾಹಿಯವರು ಕೊಟ್ಟ ಕಾರಣವನ್ನೂ ಅದರಲ್ಲಿ ಹೇಳಿದ್ದರು: ಎರಡು ವರ್ಷದ ಮಗುವನ್ನು ಹಾಕಿಕೊಂಡರೆ ಚಿತ್ರೀಕರಣ ನಿಧಾನವಾಗುತ್ತದೆ, ಖರ್ಚು ಏರುತ್ತದೆ.

ಓದಿದವರು ನಕ್ಕರು. ಡ್ರ್ಯಾಗನ್‌ಗಳನ್ನು ಹಾರಿಸುವವರಿಗೆ ಒಂದು ಕೂಸು ಭಾರವೇ ಅಂತ. ನಾನು ನಗಲಿಲ್ಲ. ಡ್ರ್ಯಾಗನ್ನಿಗೆ ನಿದ್ದೆ ಬರುವುದಿಲ್ಲ, ಮೇಕಪ್ ಮಾಡಿದ ಹೆಂಗಸನ್ನು ನೋಡಿ ಅದು ಚೀರುವುದಿಲ್ಲ. ಒಮ್ಮೆ ಮನೆಯ ಸೆಟ್‌ನಲ್ಲಿ ಎರಡೂವರೆ ವರ್ಷದ ಮಗು ಬೇಕಿತ್ತು. ಒಂಬತ್ತಕ್ಕೆ ಬಂದ ಮಗು ಲೈಟಿಂಗ್ ಮುಗಿಯುವಷ್ಟರಲ್ಲಿ ಅವರಮ್ಮನ ಹೆಗಲ ಮೇಲೆ ನಿದ್ದೆ ಹೋಯಿತು. ಹನ್ನೆರಡಕ್ಕೆ ಎದ್ದದ್ದು ನಾಯಕಿಯನ್ನು ಕಂಡು ರಂಪ ಮಾಡಿತು. ನಾಯಕಿಯ ಕಾಲ್‌ಶೀಟ್ ಎರಡರವರೆಗೆ. ಡೈರೆಕ್ಟರ್ ನನಗೆ ಫೋನ್ ಹಾಕಿ ಒಂದೇ ಮಾತು ಹೇಳಿದರು: “ಸಾರ್, ಮಗು ತೆಗೀರಿ.” ನಾನು ಬಸ್ಸಿನಲ್ಲಿ ನಿಂತೇ ಸಾಲು ಬರೆದು ಕಳಿಸಿದೆ: ‘ಮೆಲ್ಲಗೆ ಮಾತಾಡಿ, ಮಗು ಒಳಗೆ ಮಲಗಿದೆ.’ ನಮ್ಮ ಧಾರಾವಾಹಿಗಳಲ್ಲಿ ಮಕ್ಕಳು ಅಷ್ಟೊಂದು ನಿದ್ದೆ ಮಾಡುವುದು ಇದೇ ಕಾರಣಕ್ಕೆ. ಆವತ್ತು ನಷ್ಟವಾಗಲಿಲ್ಲ, ಆ ಮಗು ಹೊತ್ತದ್ದು ಏನೂ ಇರಲಿಲ್ಲ. ಮೇಲೋರ್ ಒಬ್ಬ ತಾಯಿಯ ಇಡೀ ಕಥೆಯನ್ನು ಹೊತ್ತಿದ್ದ. ಅವನನ್ನೂ ಒಳಗೆ ಮಲಗಿಸಿದ್ದರೆ ಸಾಕಿತ್ತು, ತೊಟ್ಟಿಲ ಕಡೆ ಬೆರಳು ತೋರಿಸಿದರೂ ನಡೆಯುತ್ತಿತ್ತು.

ಅಕ್ಕನ ಮಗಳಿಗೆ ಇದನ್ನು ಹೇಳಿದೆ. “ಹಾಗಾದರೆ ನೀವು ಯಾಕೆ ಹೋಗಿ ಹೇಳಬಾರದು ಮಾವ?” ಅಂದಳು. ನಾಡಿದ್ದು ನನ್ನದೇ ಧಾರಾವಾಹಿಯಲ್ಲಿ ನಾಮಕರಣದ ಸೀನ್ ಇದೆ. ಮಗು ಖಂಡಿತ ಬರುತ್ತದೆ ಅಂತ ಪ್ರೊಡಕ್ಷನ್‌ನವರು ಹೇಳಿದ್ದಾರೆ. ನಾನು ಎರಡು ಥರ ಬರೆದಿಟ್ಟಿದ್ದೇನೆ.